ಮೈಯೊಳಗೆ ಇಟ್ಟದ್ದು ನಂಜಾಗುವುದು ಯಾವಾಗ?

ನಿಮ್ಮ ಮನೆಯವರನ್ನೇ ಒಮ್ಮೆ ಲೆಕ್ಕ ಹಾಕಿ ನೋಡಿ. ಸ್ಕೂಟರಿನಿಂದ ಬಿದ್ದು ಮುಂಗೈ ಮುರಿದುಕೊಂಡ ತಮ್ಮನ ಕೈಯಲ್ಲಿ ಒಂದು ಉಕ್ಕಿನ ಪಟ್ಟಿ, ಅದನ್ನು ಮೂಳೆಗೆ ಬಿಗಿದ ಆರು ಸ್ಕ್ರೂ. ಪೊರೆ ತೆಗೆಸಿಕೊಂಡ ಅಜ್ಜಿಯ ಕಣ್ಣಿನಲ್ಲಿ ಪ್ಲಾಸ್ಟಿಕ್ಕಿನ ಮಸೂರ. ದೊಡ್ಡಪ್ಪನ ಹೃದಯದ ರಕ್ತನಾಳದಲ್ಲಿ ಸ್ಟೆಂಟು. ಸೋದರತ್ತೆಯ ಮಂಡಿಯಲ್ಲಿ ಮಿಶ್ರಲೋಹದ ಕೀಲು. ನಿಮ್ಮದೇ ದವಡೆ ಹಲ್ಲಿನಲ್ಲಿ ಎಂದೋ ತುಂಬಿಸಿದ ‘ಬೆಳ್ಳಿ’. ಹೊರಗಿನಿಂದ ತಂದು ಒಳಗೆ ಇಟ್ಟ ಇಂಥ ಒಂದಾದರೂ ವಸ್ತು ಇಲ್ಲದ ಮನೆ ಇವತ್ತು ಅಪರೂಪ.

ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅದು ಒಳಗೇ ತುಕ್ಕು ಹಿಡಿದು ನಂಜಾಗುವುದಿಲ್ಲವೇ?” ನಮ್ಮ ‘ನಂಜು’ ಎಂಬ ಮಾತು ಬಹಳ ಅಗಲವಾದದ್ದು. ಗಾಯ ಕೀವಾದರೂ ನಂಜು, ಹಾವು ಕಚ್ಚಿದರೂ ನಂಜು, ಬದನೆಕಾಯಿ ತಿಂದು ಮೈ ಕೆರೆದರೂ ನಂಜು. ಕೀವು ರೋಗಾಣುಗಳ ಕೆಲಸ, ಅದನ್ನು ಇಲ್ಲಿ ಬದಿಗಿಡೋಣ. ವಸ್ತುವೇ ವಿಷವಾಗುವುದು ಹೇಗೆ, ಅದರ ರಾಸಾಯನಿಕ ಗುಣಕ್ಕೂ ವಿಷಗುಣಕ್ಕೂ ಇರುವ ನಂಟು ಏನು ಎಂಬುದಷ್ಟೇ ಈ ಪುಟಗಳ ವಿಷಯ. ಪರದೆಯ ಮೇಲೆ ಇದಕ್ಕೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಇಲ್ಲಿ ಸಾವಕಾಶವಾಗಿ ನೋಡಬಹುದು.

ಮೊದಲು ಒಂದು ನಡೆದ ಸಂಗತಿ. 2012ರಲ್ಲಿ ಜರ್ಮನಿಯ ಮಾರ್ಬುರ್ಗ್ ನಗರದ ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ 55 ವರ್ಷದ ರೋಗಿಯೊಬ್ಬರನ್ನು ಕಳುಹಿಸಲಾಯಿತು. ಹೃದಯ ತೀರ ದುರ್ಬಲವಾಗಿತ್ತು, ಆದರೆ ರಕ್ತನಾಳಗಳಲ್ಲಿ ಅದಕ್ಕೆ ತಕ್ಕ ಅಡಚಣೆ ಇರಲಿಲ್ಲ. ಕಣ್ಣು ಮಂಜಾಗಿತ್ತು, ಕಿವಿ ಮಂದವಾಗಿತ್ತು. ಥೈರಾಯ್ಡ್ ಗ್ರಂಥಿ ಸೊರಗಿತ್ತು. ಜೊತೆಗೆ ಕಾರಣ ತಿಳಿಯದ ಜ್ವರ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಲಕ್ಷಣಗಳನ್ನು ಒಟ್ಟಿಗೆ ನೋಡಿದಾಗ ಡಾ. ಯೂರ್ಗೆನ್ ಶೇಫರ್ ಅವರಿಗೆ ನೆನಪಾದದ್ದು ಯಾವ ಪಠ್ಯಪುಸ್ತಕವೂ ಅಲ್ಲ, ‘ಹೌಸ್’ ಎಂಬ ಅಮೆರಿಕದ ಟೆಲಿವಿಷನ್ ಧಾರಾವಾಹಿಯ ಒಂದು ಕಂತು. ಅದನ್ನು ಅವರು ವಿದ್ಯಾರ್ಥಿಗಳಿಗೆ ಪಾಠ ಹೇಳಲು ಬಳಸುತ್ತಿದ್ದರು. ರೋಗಿಯ ಸೊಂಟದ ಕೀಲನ್ನು ಪರೀಕ್ಷಿಸಿದರು. ಮೊದಲು ಹಾಕಿದ್ದ ಸೆರಾಮಿಕ್ ಕೀಲು ಒಡೆದುಹೋಗಿ, ಅದರ ಜಾಗದಲ್ಲಿ ಲೋಹದ ಗುಂಡು ಕೂರಿಸಿದ್ದರು. ಒಳಗೇ ಉಳಿದಿದ್ದ ಸೆರಾಮಿಕ್ ಚೂರುಗಳು ಉಪ್ಪುಕಾಗದದ ಹಾಗೆ ಆ ಲೋಹವನ್ನು ತೇಯುತ್ತಿದ್ದವು. ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ವಿಪರೀತವಾಗಿ ಏರಿದ್ದವು. ಕೀಲು ಬದಲಾಯಿಸಿದ ಮೇಲೆ ಜ್ವರ ಬಿಟ್ಟಿತು, ಹೃದಯ ಬಹುಮಟ್ಟಿಗೆ ಚೇತರಿಸಿಕೊಂಡಿತು. ಕಣ್ಣು ಕಿವಿಗಳು ಮಾತ್ರ ಅಷ್ಟಾಗಿ ಹಿಂದಿರುಗಲಿಲ್ಲ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಪ್ರಕರಣವನ್ನು ಪ್ರಕಟಿಸಿತು. ಟೆಲಿವಿಷನ್ ನೋಡಿ ಯಾರು ಉದ್ಧಾರವಾದರು ಎಂದು ಕೇಳುವ ಹಿರಿಯರಿಗೆ ತೋರಿಸಲು ನಮ್ಮ ಬಳಿ ಇದೊಂದು ದಾಖಲೆಯಾದರೂ ಇದೆ!

ಈಗ ಒಗಟು ಬಂತು. ಇದೇ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹ ಲಕ್ಷಾಂತರ ಜನರ ಮಂಡಿಗಳಲ್ಲಿ ಯಾರಿಗೂ ತೊಂದರೆ ಕೊಡದೆ ಕುಳಿತಿದೆ. ಹಾಗಾದರೆ ಕೋಬಾಲ್ಟ್ ವಿಷವೇ, ಅಲ್ಲವೇ?

ಯಾವ ಕೋಬಾಲ್ಟ್?

ರಸಾಯನ ವಿಜ್ಞಾನಿ ಇದಕ್ಕೆ ಮರುಪ್ರಶ್ನೆ ಹಾಕುತ್ತಾರೆ: ಯಾವ ರೂಪದ ಕೋಬಾಲ್ಟ್? ಹಾಲು ಮೊಸರಿನಿಂದ ನಮಗೆ ಸಿಗುವ ಬಿ12 ಜೀವಸತ್ವದ ಪ್ರತಿ ಅಣುವಿನ ನಡುವೆಯೂ ಒಂದು ಕೋಬಾಲ್ಟ್ ಪರಮಾಣು ಇದೆ, ಉಂಗುರಕ್ಕೆ ಕೂರಿಸಿದ ಹರಳಿನ ಹಾಗೆ. 1956ರಲ್ಲಿ ಆ ರಚನೆಯನ್ನು ಬಿಡಿಸಿ ತೋರಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಕೋಬಾಲ್ಟ್ ಇಲ್ಲದಿದ್ದರೆ ರಕ್ತಹೀನತೆ. ಮಂಡಿಯಲ್ಲಿರುವುದು ಇನ್ನೊಂದು ಬಗೆ. ಗಟ್ಟಿ ಲೋಹದಲ್ಲಿ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಎಲ್ಲರೊಡನೆ ಹಂಚಿಕೊಂಡು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ; ಅವು ಎಲ್ಲಿಗೂ ಹೋಗುವುದಿಲ್ಲ. ಮೂರನೆಯದು ಅಯಾನು ರೂಪ. ಪರಮಾಣು ಎರಡು ಎಲೆಕ್ಟ್ರಾನು ಕಳೆದುಕೊಂಡು ನೀರಿನಲ್ಲಿ ಕರಗಿದರೆ ಅದು ಅಯಾನು. ರಕ್ತದಲ್ಲಿ ಅಲೆಯುವುದು, ಪ್ರೋಟೀನಿಗೆ ಅಂಟುವುದು, ಜೀವಕೋಶವನ್ನು ಹೊಗುವುದು ಈ ಮೂರನೆಯದು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಸಿಡಿಯುತ್ತದೆ. ಕ್ಲೋರಿನ್ ಅನಿಲವನ್ನು 1915ರಲ್ಲಿ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದರು. ಎರಡೂ ಸೇರಿದ ಉಪ್ಪನ್ನು ನಾವು ಸಾರಿಗೆ ಹಾಕುತ್ತೇವೆ. ಹೆಸರು ಕೇಳಿ ಹೆದರುವುದೂ ಹೆಸರು ಕೇಳಿ ನಂಬುವುದೂ ಎರಡೂ ಸಲ್ಲ.

ಕೋಬಾಲ್ಟ್ ಅಯಾನು ಮಾಡುವ ಹಾನಿ ವಿಚಿತ್ರವಾದದ್ದು. ಆಮ್ಲಜನಕ ಸಾಕಷ್ಟಿದೆಯೇ ಎಂದು ಪರೀಕ್ಷಿಸುವ ಕಿಣ್ವಗಳು ನಮ್ಮ ಜೀವಕೋಶಗಳಲ್ಲಿವೆ. ಅವುಗಳ ಕೇಂದ್ರದಲ್ಲಿ ಕಬ್ಬಿಣ. ಗಾತ್ರದಲ್ಲೂ ಆವೇಶದಲ್ಲೂ ಕಬ್ಬಿಣವನ್ನು ಹೋಲುವ ಕೋಬಾಲ್ಟ್ ಆ ಜಾಗವನ್ನು ಹಿಡಿಯುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಆಮ್ಲಜನಕ ಮುಗಿಯುತ್ತಿದೆ ಎಂಬ ಸುಳ್ಳು ಸುದ್ದಿ ಹೊರಡುತ್ತದೆ. ಅಸ್ಥಿಮಜ್ಜೆ ಅದನ್ನು ನಂಬಿ ಹೆಚ್ಚು ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. 1950ರ ದಶಕದಲ್ಲಿ ಕೋಬಾಲ್ಟ್ ಕ್ಲೋರೈಡನ್ನು ರಕ್ತಹೀನತೆಗೆ ಔಷಧವಾಗಿ ಕೊಡುತ್ತಿದ್ದುದು ಈ ಕಾರಣದಿಂದಲೇ. ಇನ್ನೊಂದು ಕಡೆ, 1965–66ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಬಿಯರಿನ ನೊರೆ ಬೇಗ ಇಳಿಯದಿರಲೆಂದು ಅದಕ್ಕೆ ಕೋಬಾಲ್ಟ್ ಲವಣ ಬೆರೆಸಿದರು. ವಿಪರೀತ ಕುಡಿಯುತ್ತಿದ್ದವರಲ್ಲಿ ಹೃದಯದ ಸ್ನಾಯು ಸೋತು ಸುಮಾರು 20 ಮಂದಿ ಸತ್ತರು. ಅವರ ಹೊಟ್ಟೆಗೆ ಹೋದ ಕೋಬಾಲ್ಟ್, ರಕ್ತಹೀನತೆಯ ರೋಗಿಗಳಿಗೆ ಔಷಧವಾಗಿ ಕೊಡುತ್ತಿದ್ದುದಕ್ಕಿಂತ ಕಡಿಮೆಯೇ. ಆದರೆ ಅವರು ಸರಿಯಾಗಿ ಉಣ್ಣುತ್ತಿರಲಿಲ್ಲ. ಪ್ರೋಟೀನಿನ, ಬಿ1 ಜೀವಸತ್ವದ ಕೊರತೆ ಇತ್ತು. ವಿಷದ ಪ್ರಮಾಣದ ಜೊತೆಗೆ ವಿಷ ಸೇರಿದ ಮೈಯ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವೈದ್ಯರಿಗೆ ಅಂದು ಮನದಟ್ಟಾಯಿತು.

ಉಪ್ಪಿನಕಾಯಿ ಮತ್ತು ಉಕ್ಕು

ಹಾಗಾದರೆ ಗಟ್ಟಿ ಲೋಹದಿಂದ ಅಯಾನು ಹೊರಬರುವುದು ಹೇಗೆ? ಅಜ್ಜಿ ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲಿಯೇ ಏಕೆ ಇಡುತ್ತಿದ್ದರು, ನೆನಪಿಸಿಕೊಳ್ಳಿ. ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಕೆಲವು ತಿಂಗಳಲ್ಲಿ ತಳದಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಗುಳಿಗಳು ಬೀಳುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಕಾರಣ ಅದರಲ್ಲಿರುವ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಅಯಾನು ಮಾತ್ರ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡಬಲ್ಲದು. ಹುಳಿ ಅದಕ್ಕೆ ನೆರವಾಗುತ್ತದೆ.

ನಮ್ಮ ಮೈಯೊಳಗಿನ ದ್ರವವೂ ಉಪ್ಪುನೀರೇ. ಆಸ್ಪತ್ರೆಯಲ್ಲಿ ಏರಿಸುವ ಸಲೈನಿನಲ್ಲಿ ಶೇಕಡಾ 0.9ರಷ್ಟು ಉಪ್ಪು ಇರುವುದು ಮೈಯ ದ್ರವಕ್ಕೆ ಸರಿಹೊಂದಲೆಂದೇ. ಆದ್ದರಿಂದ ಲೋಟ ತಟ್ಟೆಯ ಸ್ಟೀಲನ್ನು ಮೂಳೆಗೆ ಹಾಕುವುದಿಲ್ಲ. ಅಲ್ಲಿ ಬಳಸುವುದು 316ಎಲ್ ಎಂಬ ಬಗೆ. ಕ್ಲೋರೈಡನ್ನು ತಡೆಯಲು ಅದಕ್ಕೆ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿಸಿ, ಇಂಗಾಲವನ್ನು ಶೇಕಡಾ 0.03ಕ್ಕಿಂತ ಕಡಿಮೆಗೆ ಇಳಿಸಿರುತ್ತಾರೆ. ಇಂಗಾಲ ಹೆಚ್ಚಾದರೆ ಅದು ಕ್ರೋಮಿಯಮನ್ನು ತನ್ನ ಕಡೆಗೆ ಸೆಳೆದುಕೊಂಡು ಪೊರೆಯನ್ನು ಬಡವಾಗಿಸುತ್ತದೆ. ಇಷ್ಟಾದರೂ ಒಂದು ಬಲಹೀನ ಜಾಗ ಉಳಿಯುತ್ತದೆ. ಸ್ಕ್ರೂವಿನ ತಲೆ ಪಟ್ಟಿಯ ಮೇಲೆ ಕೂರುವ ಸಂದಿನಲ್ಲಿ ಆಮ್ಲಜನಕ ತಲುಪುವುದಿಲ್ಲ, ಹರಿದ ಪೊರೆ ಕೂಡಿಕೊಳ್ಳುವುದಿಲ್ಲ. ಮೂಳೆ ಕೂಡಿದ ಮೇಲೆ ತೆಗೆದ ಹಳೆಯ ಪಟ್ಟಿಗಳಲ್ಲಿ ಸವೆತ ಕಾಣುವುದು ಹೆಚ್ಚಾಗಿ ಅಲ್ಲಿಯೇ. ಟೈಟಾನಿಯಮಿನ ಆಕ್ಸೈಡ್ ಪೊರೆ ಇನ್ನೂ ಗಟ್ಟಿ. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಮೊಲದ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ಸಾಧನವನ್ನು ಹಿಂದಕ್ಕೆ ತೆಗೆಯಲು ಹೋದಾಗ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. ಇಂದಿನ ಹಲ್ಲಿನ ಇಂಪ್ಲಾಂಟುಗಳ ಮೂಲ ಇದು.

316ಎಲ್ ಉಕ್ಕಿನಲ್ಲಿ ಶೇಕಡಾ 13ರಿಂದ 15ರಷ್ಟು ನಿಕ್ಕಲ್ ಕೂಡ ಇದೆ. ಅಗ್ಗದ ಓಲೆ ಹಾಕಿಕೊಂಡು ಕಿವಿ ಕೆಂಪಾದವರಿಗೆ, ಗಡಿಯಾರದ ಪಟ್ಟಿಯ ಕೆಳಗೆ ಕಜ್ಜಿ ಎದ್ದವರಿಗೆ ಈ ನಿಕ್ಕಲ್ ಪರಿಚಿತ. ಬೆವರಿನ ಉಪ್ಪಿಗೆ ನಿಕ್ಕಲ್ ಲೇಪನ ಕರಗಿ, ಅಯಾನು ಚರ್ಮದ ಪ್ರೋಟೀನಿಗೆ ಅಂಟುತ್ತದೆ. ಅಂಟಿದ ಮೇಲೆ ನಮ್ಮದೇ ಪ್ರೋಟೀನು ನಮ್ಮ ರೋಗನಿರೋಧಕ ವ್ಯವಸ್ಥೆಗೆ ಪರಕೀಯವಾಗಿ ಕಾಣುತ್ತದೆ. 1994ರಲ್ಲಿ ಐರೋಪ್ಯ ಒಕ್ಕೂಟ ಇದಕ್ಕೊಂದು ನಿಯಮ ಮಾಡಿತು. ಚರ್ಮಕ್ಕೆ ತಾಗುವ ಆಭರಣದಂಥ ವಸ್ತುಗಳಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದು ಎಂದು. ಮಾತನ್ನು ಗಮನಿಸಿ: ಒಳಗೆ ಎಷ್ಟು ಇರಬೇಕು ಎಂದಲ್ಲ, ಹೊರಗೆ ಎಷ್ಟು ಬರಬಹುದು ಎಂದು. ಇಷ್ಟು ಜಾಣತನದ ಕಾನೂನು ಅಪರೂಪ ಎಂದು ನನಗೆ ತೋರುತ್ತದೆ.

ತೇಯ್ದ ಲೋಹದ ಕತೆ

ಗಟ್ಟಿ ಲೋಹದ ಮೇಲ್ಮೈಯಿಂದ ಸೋರುವುದು ಅತ್ಯಲ್ಪ. ಅದೇ ಲೋಹ ಪುಡಿಯಾದರೆ ಲೆಕ್ಕವೇ ಬೇರೆ. ಬೆಲ್ಲದ ಅಚ್ಚು ನಿಧಾನವಾಗಿ ಕರಗುತ್ತದೆ, ಹೆರೆದ ಬೆಲ್ಲ ಕ್ಷಣದಲ್ಲಿ ಕರಗುತ್ತದೆ. ಲೋಹದ ಗುಂಡು ಲೋಹದ ಬಟ್ಟಲಿನಲ್ಲಿ ತಿರುಗುವ ಸೊಂಟದ ಕೀಲುಗಳಲ್ಲಿ ಆದದ್ದು ಇದೇ. ಪ್ಲಾಸ್ಟಿಕ್ ಬಟ್ಟಲಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ಭರವಸೆಯಿಂದ ಅವು ಬಂದವು. ಬಟ್ಟಲು ಸ್ವಲ್ಪ ಓರೆಯಾಗಿ ಕೂತರೂ ಗುಂಡು ಅದರ ಅಂಚಿಗೆ ಉಜ್ಜಿ ಅತಿಸೂಕ್ಷ್ಮ ಕಣಗಳು ಉದುರುತ್ತಿದ್ದವು. ರಕ್ತದಲ್ಲಿರುವ ಭಕ್ಷಕ ಕಣಗಳು ಅವನ್ನು ರೋಗಾಣುಗಳೆಂದು ಬಗೆದು ನುಂಗುತ್ತವೆ. ನುಂಗಿದ್ದನ್ನು ಜೀರ್ಣಿಸಲು ಅವುಗಳೊಳಗೆ ಆಮ್ಲದ ಚೀಲಗಳಿವೆ. ರಕ್ತದಲ್ಲಿ ಕರಗದ ಕಣ ಆ ಆಮ್ಲದಲ್ಲಿ ಕರಗುತ್ತದೆ. ಭಕ್ಷಕ ಕಣ ತಾನು ತಯಾರಿಸಿದ ಕೋಬಾಲ್ಟ್ ಅಯಾನಿನಿಂದಲೇ ಸಾಯುತ್ತದೆ. ಸುತ್ತಲಿನ ಸ್ನಾಯು, ಮೂಳೆ ಕೊಳೆಯತೊಡಗುತ್ತವೆ.

ಜೊತೆಗೆ ಬಿಡುಗಡೆಯಾಗುವ ಕ್ರೋಮಿಯಂ ಹೆಸರು ಕೇಳಿದರೆ ಕಾರ್ಖಾನೆಯ ಕೊಳಕು ನೀರು ನೆನಪಾಗಬಹುದು. ಆ ಕ್ಯಾನ್ಸರ್‌ಕಾರಕ ಕ್ರೋಮಿಯಮಿನ ವೇಲೆನ್ಸಿ 6. ಅದು ಆಮ್ಲಜನಕದೊಡನೆ ಸೇರಿದಾಗ ಸಲ್ಫೇಟಿನ ಆಕಾರವನ್ನೇ ತಾಳುವುದರಿಂದ, ಸಲ್ಫೇಟಿಗಾಗಿ ಜೀವಕೋಶ ತೆರೆದಿಟ್ಟ ಬಾಗಿಲಲ್ಲಿ ನುಸುಳಿಬಿಡುತ್ತದೆ. ಕೀಲುಗಳಿಂದ ಹೊರಬರುವುದು ಬಹುಮಟ್ಟಿಗೆ ವೇಲೆನ್ಸಿ 3ರ ಕ್ರೋಮಿಯಂ. ಅದಕ್ಕೆ ಆ ಬಾಗಿಲು ಸಿಗುವುದಿಲ್ಲ. ಫಾಸ್ಫೇಟಾಗಿ ಅಲ್ಲಲ್ಲೇ ಗಟ್ಟಿಯಾಗಿ ಕೂರುತ್ತದೆ. ಒಂದೇ ಧಾತು, ಮೂರು ಎಲೆಕ್ಟ್ರಾನಿನ ವ್ಯತ್ಯಾಸ.

ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಇಂಥ ಕೀಲನ್ನು 2010ರ ಆಗಸ್ಟಿನಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಾಗ ಜಗತ್ತಿನಲ್ಲಿ ಸುಮಾರು 93,000 ಮಂದಿಗೆ ಅದನ್ನು ಅಳವಡಿಸಲಾಗಿತ್ತು. ಭಾರತದಲ್ಲಿ ಸುಮಾರು 4,700. ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಣೆ ನಡೆಸಿ 2018ರಲ್ಲಿ ಪರಿಹಾರದ ಸೂತ್ರ ಪ್ರಕಟವಾಗುವ ಹೊತ್ತಿಗೆ, ಆ ರೋಗಿಗಳಲ್ಲಿ ಬಹುಪಾಲು ಮಂದಿ ಎಲ್ಲಿದ್ದಾರೆಂಬುದೇ ತಿಳಿದಿರಲಿಲ್ಲ. ಯಾವ ಕೀಲು ತಮ್ಮ ಮೈಯಲ್ಲಿದೆ ಎಂದು ಗೊತ್ತಿಲ್ಲದವರು ತಮ್ಮ ನೋವಿಗೆ ಕಾರಣ ಹುಡುಕುವುದಾದರೂ ಹೇಗೆ?

ಇದೇ ಮಿಶ್ರಲೋಹದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಹೃದಯದ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದರು. ಡಾ. ವಲಿಯತ್ತಾನ್ ಆಮೇಲೆ ಮಣಿಪಾಲದ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ನಮ್ಮವರೂ ಆದರು. ಹಲವು ಮಾದರಿಗಳು ಸೋತ ಮೇಲೆ ಗೆದ್ದ ಆ ಕವಾಟದ ಚೌಕಟ್ಟು ಕೋಬಾಲ್ಟ್ ಮಿಶ್ರಲೋಹದ್ದು. ಅದರೊಳಗೆ ಬಾಗಿಲಿನಂತೆ ತೆರೆದು ಮುಚ್ಚುವ ಬಿಲ್ಲೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು. ನಿಮಿಷಕ್ಕೆ 72 ಬಡಿತವೆಂದರೆ ವರ್ಷಕ್ಕೆ ಸುಮಾರು 3 ಕೋಟಿ 80 ಲಕ್ಷ ಬಾರಿ ಅದು ಬಡಿಯಬೇಕು. ಲೋಹಕ್ಕೆ ಲೋಹ ಉಜ್ಜುವುದಿಲ್ಲವಾದ್ದರಿಂದ ಲೋಹದ ಪುಡಿ ಉದುರುವುದಿಲ್ಲ. ನಿಮ್ಮ ಸೋದರತ್ತೆಯ ಮಂಡಿಯ ಗುಟ್ಟೂ ಇದೇ.

ಪ್ಲಾಸ್ಟಿಕ್ಕಿನಲ್ಲಿ ಅಡಗಿರುವುದು

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳಗಳು ಒಡೆದು ಚಾಲಕರ ಕಣ್ಣಿಗೆ ಚೂರುಗಳು ಹೊಕ್ಕಿದ್ದವು. ಕೆಲವು ಕಣ್ಣುಗಳಲ್ಲಿ ಆ ಚೂರುಗಳು ಏನೂ ಮಾಡದೆ ಸುಮ್ಮನೆ ಉಳಿದದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಗಮನಿಸಿದರು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಅಕ್ರಿಲಿಕ್ಕಿನಿಂದ ಮಾಡಿದ ಮಸೂರವನ್ನು ಪೊರೆ ತೆಗೆದ ಕಣ್ಣಿಗೆ ಇಟ್ಟರು. ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದ ಹಿರಿಯರ ದಪ್ಪ ಕನ್ನಡಕ ನೋಡಿದವರಿಗೆ ಈ ಮಸೂರದ ಬೆಲೆ ಗೊತ್ತು. 1992ರಲ್ಲಿ ಮಧುರೈಯ ಆರೋಲ್ಯಾಬ್ ಇಲ್ಲಿಯೇ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು.

ಈ ಅಕ್ರಿಲಿಕ್ ಆಗುವುದು ಮೀಥೈಲ್ ಮೆಥಾಕ್ರಿಲೇಟ್ ಎಂಬ ಸಣ್ಣ ಅಣುಗಳು ಸಾವಿರಗಟ್ಟಲೆ ಕೈಹಿಡಿದು ಸರಪಳಿಯಾದಾಗ. ಸರಪಳಿ ನಿರುಪದ್ರವಿ. ಬಿಡಿ ಅಣುವಿಗೆ ಖಾರವಾದ ವಾಸನೆ, ಚರ್ಮಕ್ಕೆ ಉರಿ ತರುವ ಗುಣ. ರಕ್ತಕ್ಕೆ ಸೇರಿದರೆ ರಕ್ತದೊತ್ತಡವನ್ನು ಇಳಿಸಲೂಬಹುದು. ಕೃತಕ ಕೀಲನ್ನು ಮೂಳೆಗೆ ಕೂರಿಸುವ ‘ಮೂಳೆ ಸಿಮೆಂಟು’ ಕೂಡ ಇದೇ ವಸ್ತು, ಆದರೆ ಅದನ್ನು ಆಪರೇಷನ್ ಮೇಜಿನ ಪಕ್ಕದಲ್ಲೇ ಕಲಸುತ್ತಾರೆ. ಅದು ಮೈಯೊಳಗೆ ಬಿಸಿಯಾಗುತ್ತ ಗಟ್ಟಿಯಾಗುವಾಗ ಸ್ವಲ್ಪ ಬಿಡಿ ಅಣು ಉಳಿಯುತ್ತದೆ. ಅರಿವಳಿಕೆಯ ವೈದ್ಯರು ಆ ನಿಮಿಷಗಳಲ್ಲಿ ರಕ್ತದೊತ್ತಡದ ಮೇಲೆ ಕಣ್ಣಿಟ್ಟು ಕೂರುವುದಕ್ಕೆ ಇದೂ ಒಂದು ಕಾರಣ.

ಏನೊಂದಿಗೂ ಸೇರದ ವಸ್ತುವಾದರೆ ಅಪಾಯವಿಲ್ಲ ತಾನೇ ಎನ್ನುವಿರಾ? ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಹಾಗೆಯೇ ನಂಬಿದ್ದರು. ಸೊಂಟದ ಕೀಲಿನ ಬಟ್ಟಲಿಗೆ ಅವರು ಮೊದಲು ಆರಿಸಿದ್ದು ಟೆಫ್ಲಾನ್. ಅದಕ್ಕಿಂತ ಜಡವಾದ ಪ್ಲಾಸ್ಟಿಕ್ ಹುಡುಕುವುದು ಕಷ್ಟ. ಆದರೆ ಅದು ಬೇಗ ಸವೆದು, ಪುಡಿಯ ಸುತ್ತ ಗಂಟುಗಳು ಕಟ್ಟಿ, ನೂರಾರು ಕೀಲುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಚಾರ್ನ್‌ಲಿ ಆ ಪುಡಿಯನ್ನು ತಮ್ಮದೇ ತೊಡೆಗೆ ಸೇರಿಸಿಕೊಂಡು ಪರೀಕ್ಷಿಸಿದರು. 1962ರಿಂದ ಅವರು ಬಳಸಿದ ಪಾಲಿಎಥಿಲೀನ್ ಸುಧಾರಿತ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ. ಟೆಫ್ಲಾನಿನ ರಾಸಾಯನಿಕ ಗುಣದಲ್ಲಿ ದೋಷವಿರಲಿಲ್ಲ. ಕರಗಿಸಲಾಗದ್ದನ್ನು ನುಂಗಿ ಕೂತ ಭಕ್ಷಕ ಕಣಗಳ ತಳಮಳವೇ ರೋಗವಾಯಿತು.

ಇನ್ನು ರಕ್ತದ ಚೀಲ. ಮನೆಯ ನಲ್ಲಿಯ ಗಟ್ಟಿ ಪೈಪೂ ರಕ್ತನಿಧಿಯ ಮೆತ್ತನೆಯ ಚೀಲವೂ ಒಂದೇ ಪಿವಿಸಿ. ಚೀಲವನ್ನು ಮೆತ್ತಗೆ ಮಾಡುವುದು ಅದಕ್ಕೆ ಬೆರೆಸಿದ ಡಿಇಎಚ್‌ಪಿ ಎಂಬ ಎಣ್ಣೆಯಂಥ ದ್ರವ. ತೂಕದಲ್ಲಿ ಶೇಕಡಾ 30–40ರವರೆಗೂ ಇರಬಹುದು. ಅದು ಪಿವಿಸಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿಲ್ಲ, ಸುಮ್ಮನೆ ನಡುವೆ ಸೇರಿಕೊಂಡಿದೆ. ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ರಕ್ತದಲ್ಲಿ ಕೊಬ್ಬು ಇರುವುದರಿಂದ ಚೀಲದಿಂದ ರಕ್ತಕ್ಕೆ ಸೋರುತ್ತದೆ. ಇದು 1970ರಿಂದಲೇ ತಿಳಿದ ಸಂಗತಿ. ಎಳೆಯ ಗಂಡು ಇಲಿಗಳಲ್ಲಿ ಇದು ವೃಷಣಗಳನ್ನು ಕೆಡಿಸುತ್ತದೆ. ಹಾಗಾದರೆ ಏಕೆ ಬಿಟ್ಟಿಲ್ಲ? ತಮಾಷೆ ಎಂದರೆ ಸೋರಿದ ಡಿಇಎಚ್‌ಪಿ ಕೆಂಪು ರಕ್ತಕಣದ ಹೊರಪೊರೆಯಲ್ಲಿ ಸೇರಿ ಅದು ಒಡೆಯದಂತೆ ಕಾಪಾಡುತ್ತದೆ. ರಕ್ತವನ್ನು 42 ದಿನ ಇಡಲು ಸಾಧ್ಯವಾದದ್ದರಲ್ಲಿ ಅದರ ಪಾಲೂ ಇದೆ. ಅಪಘಾತದಲ್ಲಿ ರಕ್ತ ಹರಿದು ಸಾಯುವವನಿಗೆ ಈ ಚರ್ಚೆ ಬೇಡ. ತಿಂಗಳು ತುಂಬದೆ ಹುಟ್ಟಿ, ವಾರಗಟ್ಟಲೆ ನಳಿಕೆಗಳ ನಡುವೆ ಮಲಗುವ ಒಂದೂವರೆ ಕಿಲೋ ತೂಕದ ಗಂಡುಮಗುವಿನ ವಿಷಯ ಬೇರೆ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ಮಕ್ಕಳಿಗೆ ಸಾಧ್ಯವಾದಲ್ಲಿ ಬೇರೆ ಬಗೆಯ ಸಾಧನ ಬಳಸಬೇಕೆಂದು ವೈದ್ಯರಿಗೆ ತಿಳಿಸಿತು.

ಹಲ್ಲಿನ ‘ಬೆಳ್ಳಿ’ಯ ಬಗ್ಗೆಯೂ ಎರಡು ಮಾತು. ಅದರಲ್ಲಿ ಅರ್ಧದಷ್ಟು ಪಾದರಸ. ಬೆಳ್ಳಿ, ತವರಗಳೊಡನೆ ಬಿಗಿಯಾಗಿ ಸೇರಿರುತ್ತದೆ. ಅಗಿಯುವಾಗ ಅತ್ಯಲ್ಪ ಆವಿ ಬರುವುದು ನಿಜ. ಐರೋಪ್ಯ ಒಕ್ಕೂಟ 2025ರ ಆರಂಭದಿಂದ ಇದರ ಬಳಕೆಯನ್ನು ನಿಲ್ಲಿಸಿದ್ದಕ್ಕೆ ದೊಡ್ಡ ಕಾರಣ ಪರಿಸರಕ್ಕೆ ಸೇರುವ ಪಾದರಸ. ಗಟ್ಟಿಯಾಗಿರುವ ಹಳೆಯ ತುಂಬುವಿಕೆಯನ್ನು ಹೆದರಿ ಕೊರೆಸಿ ತೆಗೆಸಬೇಡಿ. ಕೊರೆಯುವಾಗ ಏಳುವ ಆವಿಯೇ ಹೆಚ್ಚು.

ನಿಮ್ಮ ಕಡೆಯಿಂದ ಆಗಬೇಕಾದದ್ದು ಕೆಲವಿದೆ. ಓಲೆ, ಬೆಲ್ಟಿನ ಬಕಲ್ ತಾಗಿ ಚರ್ಮ ಕೆರೆಯುವ ಅಭ್ಯಾಸವಿದ್ದರೆ ಕೀಲು ಅಥವಾ ಪಟ್ಟಿ ಹಾಕುವ ಮೊದಲೇ ಸರ್ಜನರಿಗೆ ಹೇಳಿ. ಸೊಂಟದಲ್ಲಿ ಲೋಹಕ್ಕೆ ಲೋಹದ ಕೀಲು ಇರುವವರು ರಕ್ತದ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆಯ ಬಗ್ಗೆ ಕೇಳಿ. ಲೀಟರಿಗೆ 7 ಮೈಕ್ರೋಗ್ರಾಂ ಮೀರಿದರೆ ಹೆಚ್ಚಿನ ತಪಾಸಣೆ ಬೇಕೆಂದು ಬ್ರಿಟನ್ನಿನ ನಿಯಂತ್ರಕರು 2010ರಲ್ಲಿ ಸೂಚಿಸಿದ್ದರು. ಆಪರೇಷನ್ ಆದ ಮೇಲೆ ಕೀಲಿನ ಡಬ್ಬಿಯ ಮೇಲಿದ್ದ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ತಯಾರಕರ ಹೆಸರು, ಮಾದರಿ, ಲಾಟ್ ಸಂಖ್ಯೆ ಇರುತ್ತದೆ. ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿ, ಮನೆಪತ್ರ ವಿಮಾಪತ್ರಗಳ ಜೊತೆಗೆ ಇಡಿ, ಅದು ಎಲ್ಲಿದೆ ಎಂದು ಮಕ್ಕಳಿಗೂ ಹೇಳಿಡಿ. ಆಪರೇಷನ್ ಆಗಿ ವರ್ಷಗಳಾಗಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಒಂದು ಅರ್ಜಿ ಕೊಟ್ಟು ವಿಚಾರಿಸಿ; ಕಡತಗಳನ್ನು ವಿಲೇವಾರಿ ಮಾಡುವ ಮೊದಲೇ ಹೋಗುವುದು ಒಳ್ಳೆಯದು.